ಅಜ್ಜಿಯಿಲ್ಲದ ಊರು, ಮೊಮ್ಮಕ್ಕಳಿಲ್ಲದ ಡೇರೆ

ಅಂಟಾರ್ಕ್ಟಿಕಾ ಖಂಡದಲ್ಲಿ ಮೊದಲ ಮಗು ಹುಟ್ಟಿದ್ದು 1978ರ ಜನವರಿ 7ರಂದು. ಎಮಿಲಿಯೊ ಮಾರ್ಕೋಸ್ ಪಾಲ್ಮಾ ಎಂದು ಹೆಸರಿಟ್ಟರು. ಅಪ್ಪ ಅರ್ಜೆಂಟೀನಾದ ಸೇನಾಧಿಕಾರಿ, ಎಸ್ಪೆರಾನ್ಸಾ ಎಂಬ ನೆಲೆಯಲ್ಲಿ ಕೆಲಸ. ಅಮ್ಮ ಸಿಲ್ವಿಯಾ ಅಲ್ಲಿಗೆ ಬಂದಾಗ ಏಳು ತಿಂಗಳ ಬಸುರಿ. ಸರ್ಕಾರವೇ ವಿಮಾನ ಹತ್ತಿಸಿ ಕಳಿಸಿತ್ತು. ನಮ್ಮಲ್ಲಾದರೆ ಏಳನೆಯ ತಿಂಗಳಿಗೆ ಸೀಮಂತ ಮಾಡಿ, ಕೈತುಂಬ ಬಳೆ ತೊಡಿಸಿ, ತವರಿಗೆ ಕಳಿಸುತ್ತಾರೆ. ಆಕೆ ಹೋದದ್ದು ತವರೂ ಅಲ್ಲದ, ಅತ್ತೆಮನೆಯೂ ಅಲ್ಲದ, ಲೆಕ್ಕಕ್ಕೆ ಹಿಡಿದರೆ ಯಾರ ಊರೂ ಅಲ್ಲದ ಜಾಗಕ್ಕೆ.

ಆಗ ಅರ್ಜೆಂಟೀನಾವನ್ನು ಆಳುತ್ತಿದ್ದದ್ದು ಸೇನೆ. ಅಂಟಾರ್ಕ್ಟಿಕದ ಆ ಮೂಲೆಯ ನೆಲವನ್ನು ಅರ್ಜೆಂಟೀನಾ, ಚಿಲಿ, ಬ್ರಿಟನ್ ಮೂರೂ ತಮ್ಮದೆನ್ನುತ್ತವೆ. ಬಾವುಟ ನೆಟ್ಟದ್ದಾಯಿತು, ಅಂಚೆ ಕಚೇರಿ ತೆರೆದದ್ದಾಯಿತು, ಉಳಿದದ್ದು ಬಾಣಂತನ. 1984ರಲ್ಲಿ ಚಿಲಿಯೂ ಕಿಂಗ್ ಜಾರ್ಜ್ ದ್ವೀಪದಲ್ಲಿ ವಿಲ್ಲಾ ಲಾಸ್ ಎಸ್ಟ್ರೆಲ್ಲಾಸ್ ಎಂಬ ಪುಟ್ಟ ಊರು ಕಟ್ಟಿತು. ಅದೇ ವರ್ಷ ಆ ನೆಲೆಯಲ್ಲೂ ಒಂದು ಮಗು ಹುಟ್ಟಿತು. ಎರಡೂ ದೇಶಗಳ ನೆಲೆಗಳಲ್ಲಿ ಕಣ್ಣು ಬಿಟ್ಟ ಮಕ್ಕಳು ಕನಿಷ್ಠ 11.

ವಿಚಿತ್ರವೆಂದರೆ, 1959ರ ಅಂಟಾರ್ಕ್ಟಿಕ ಒಪ್ಪಂದಕ್ಕೆ ಈ ಎರಡೂ ದೇಶಗಳು ಮೊದಲೇ ಸಹಿ ಹಾಕಿದ್ದವು. ಒಪ್ಪಂದ ಜಾರಿಯಲ್ಲಿರುವಷ್ಟು ಕಾಲ ಅಲ್ಲಿ ಯಾರು ಏನೇ ಮಾಡಿದರೂ ಅದು ಒಡೆತನಕ್ಕೆ ಆಧಾರವಾಗದು ಎಂದು ಅದರ ನಾಲ್ಕನೆಯ ವಿಧಿ ಹೇಳುತ್ತದೆ. ಕಾನೂನಿನ ತಕ್ಕಡಿಯಲ್ಲಿ ಆ ತೊಟ್ಟಿಲಿನ ತೂಕ ಸೊನ್ನೆ. ಇದು ಗೊತ್ತಿದ್ದೂ ಎರಡು ದೇಶಗಳು ಹಿಮದಲ್ಲಿ ತೊಟ್ಟಿಲು ಕಟ್ಟಿದ್ದೇಕೆ? ಕಾನೂನಿಗೆ ತಿಳಿಯದ ಒಂದು ಸಂಗತಿ ಆ ದಂಡನಾಯಕರಿಗೆ ತಿಳಿದಿತ್ತು ಅನ್ನಿಸುತ್ತದೆ. ಗಂಡಸರು ಮಾತ್ರ ಇರುವಲ್ಲಿ ಎಷ್ಟು ವರ್ಷ ಕಳೆದರೂ ಅದು ಠಾಣೆ. ಒಂದು ಮಗು ರಾತ್ರಿ ಎದ್ದು ಅಳತೊಡಗಿದರೆ ಮರುದಿನದಿಂದ ಊರು.

ಎಸ್ಪೆರಾನ್ಸಾ ನೆಲೆಯಿರುವ ಕೊಲ್ಲಿಯಲ್ಲೇ 1903ರಲ್ಲಿ ಸ್ವೀಡನ್ ಶೋಧಯಾತ್ರೆಯ ಮೂವರು ಸಿಕ್ಕಿಬಿದ್ದು, ಕಲ್ಲು ಪೇರಿಸಿ ಗೂಡು ಕಟ್ಟಿಕೊಂಡು, ಪೆಂಗ್ವಿನ್ ಮಾಂಸ ತಿಂದು ಚಳಿಗಾಲ ದಾಟಿದ್ದರು. ಆ ಗೋಡೆಗಳು ಈಗಲೂ ಇವೆ. ಆ ಗೂಡನ್ನು ಮನೆ ಎಂದು ಕರೆಯಲು ಮನಸ್ಸು ಬಾರದು.

ಎಸ್ಪೆರಾನ್ಸಾದಲ್ಲಿ ಈಗ ಚಳಿಗಾಲಕ್ಕೆ ಉಳಿಯುವವರು ಐವತ್ತರ ಆಸುಪಾಸು, ಅವರಲ್ಲಿ ಹತ್ತರಷ್ಟು ಕುಟುಂಬಗಳು. ಶಾಲೆಯಿದೆ, ಪುಟ್ಟ ಇಗರ್ಜಿಯಿದೆ. ಥರ್ಮಾಮೀಟರಿನ ಮಟ್ಟಿಗೆ ಇದು ಅಂಟಾರ್ಕ್ಟಿಕದ ಸೌಮ್ಯ ಅಂಚು, 2020ರ ಫೆಬ್ರವರಿಯಲ್ಲಿ ಒಂದು ದಿನ 18.3 ಡಿಗ್ರಿ ಸೆಲ್ಸಿಯಸ್ ಕೂಡ ಮುಟ್ಟಿತ್ತು. ಜೀವ ಹಿಂಡುವುದು ಗಾಳಿ. ಹಿಮನದಿಯ ಮೇಲಿಂದ ಇಳಿದು ಬರುವ ಗಾಳಿ ಗಂಟೆಗೆ 200 ಕಿ.ಮೀ. ದಾಟುವುದುಂಟು. ಅಂಥ ಕಡೆ ಮಗುವನ್ನು ಹೊರಗೆ ಬಿಡುವುದೆಂದರೆ ಅರ್ಧ ಗಂಟೆಯ ಸಿದ್ಧತೆ. ಒಳಗಿನದೊಂದು, ಅದರ ಮೇಲೊಂದು, ಕಾಲುಚೀಲ, ಕೈಗವಸು, ಟೋಪಿ, ಬೂಟು. ಎಲ್ಲ ಮುಗಿದು ಬಾಗಿಲ ಹತ್ತಿರ ಬಂದಾಗ ಒಂದಕ್ಕೆ ಹೋಗಬೇಕು ಅನ್ನುವುದು ಭೂಮಿಯ ಮೇಲಿನ ಯಾವ ಮಗುವೂ ಬಿಟ್ಟುಕೊಡದ ಹಕ್ಕು.

ಹೊರಗೆ ಕಾಲಿಟ್ಟರೆ ಲಕ್ಷಗಟ್ಟಲೆ ಅಡೇಲಿ ಪೆಂಗ್ವಿನ್‌ಗಳು. ಮುಟ್ಟುವಂತಿಲ್ಲ, ದೂರ ಕಾಯ್ದುಕೊಳ್ಳಬೇಕು. ಸಾಕಲು ನಾಯಿಯಾದರೂ ಬೇಕೆಂದರೆ ಅದೂ ಇಲ್ಲ: ಪರಿಸರ ರಕ್ಷಣೆಗಾಗಿ 1991ರಲ್ಲಿ ಮಾಡಿಕೊಂಡ ಒಡಂಬಡಿಕೆಯಂತೆ 1994ರ ಏಪ್ರಿಲ್ ಹೊತ್ತಿಗೆ ಖಂಡದಲ್ಲಿದ್ದ ನಾಯಿಗಳೆಲ್ಲ ಹೊರಹೋಗಬೇಕಾಯಿತು. ಹೊರಗಿನ ಮಣ್ಣು ತರಬಾರದು, ಹೊರಗಿನ ಬೀಜ ಹಾಕಬಾರದು. ನಿಯಮ ಸರಿಯಾದದ್ದೇ, ಆ ನೆಲಕ್ಕೆ ಬೇಕಾದದ್ದೇ. ಆದರೂ ಹೊರಗಿನ ಜೀವಿಗಳನ್ನೆಲ್ಲ ದಾಟಿಸಿದ ಪಟ್ಟಿಯಿಂದ ಮಗುವೊಂದನ್ನು ಬಿಟ್ಟದ್ದು ಕಂಡಾಗ, ಅದು ಅಲ್ಲಿಗೆ ಯಾರ ಕೆಲಸದ ಮೇಲೆ ಬಂದಿದೆ ಎಂದು ಕೇಳಬೇಕೆನಿಸುತ್ತದೆ. ಚಿಲಿಯ ಆ ಊರಿಗೆ ಹೆಚ್ಚು ಕಾಲ ಇರಲು ಹೋಗುವವರು, ಮಕ್ಕಳೂ ಸೇರಿ, ಮೊದಲೇ ಅಪೆಂಡಿಕ್ಸ್ ತೆಗೆಸಿಕೊಂಡಿರಬೇಕಿತ್ತು. ಹೊಟ್ಟೆ ಕೊಯ್ಯಬಲ್ಲ ದೊಡ್ಡಾಸ್ಪತ್ರೆ ಸಮುದ್ರದಾಚೆ, ಸಾವಿರ ಕಿ.ಮೀ. ದೂರ. ಇನ್ನೂ ಬಾರದ ನೋವಿಗಾಗಿ ಮಗು ಮುಂಗಡವಾಗಿ ಕತ್ತರಿಗೆ ಮೈಯೊಡ್ಡುತ್ತಿತ್ತು.

ಮಗುವಿಗೆ ಇದ್ಯಾವುದೂ ದೊಡ್ಡ ವಿಷಯವಲ್ಲದಿರಬಹುದು. ಅಮ್ಮ ಒಳಗಿದ್ದಾಳೆ, ಒಲೆ ಉರಿಯುತ್ತಿದೆ, ಪಕ್ಕದ ಮನೆಯಲ್ಲಿ ತನ್ನ ವಯಸ್ಸಿನವರೊಬ್ಬರಿದ್ದಾರೆ. ನಾಲ್ಕು ವರ್ಷದವರಿಗೆ ಖಂಡವೆಂದರೆ ಅಷ್ಟೇ. ಕಿಟಕಿಯಾಚೆ ಬಾವುಟ ಹಾರುತ್ತಿದ್ದರೆ ಅದು ಗಾಳಿಯ ಗುರುತು. ನನ್ನನ್ನು ಕಾಡುವುದು ಬೇರೊಂದು ಕೊರತೆ. ಎಸ್ಪೆರಾನ್ಸಾದಲ್ಲಿ ಅಜ್ಜಿಯಿಲ್ಲ. ಅಪ್ಪನ ಸರದಿ ಒಂದು ವರ್ಷ, ಮುಗಿದೊಡನೆ ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟುತ್ತಾರೆ, ಬೇರೊಂದು ಸಂಸಾರ ಅದೇ ಮಂಚದಲ್ಲಿ ಮಲಗುತ್ತದೆ. ಅಲ್ಲಿ ಯಾರೂ ಮುದುಕರಾಗುವುದಿಲ್ಲ. “ನಿನ್ನಪ್ಪ ಇದೇ ಕಲ್ಲಿನಿಂದ ಬಿದ್ದಿದ್ದ” ಎಂದು ತೋರಿಸುವವರಿಲ್ಲ. ಪಾಲ್ಮಾ ಅದನ್ನು ಹುಟ್ಟೂರು ಎನ್ನಬಹುದು, ಅಲ್ಲಿ ಅವರದೆನ್ನುವ ಬಾಗಿಲಿಲ್ಲ.

ಇದರ ತದ್ವಿರುದ್ಧವನ್ನು ನೋಡಲು ನಮ್ಮ ದೇಶದಲ್ಲೇ, ಲಡಾಖಿನ ಚಾಂಗ್‌ಥಾಂಗ್‌ಗೆ ಹೋಗಬೇಕು. ನಾಲ್ಕು ಸಾವಿರ ಮೀಟರಿಗೂ ಎತ್ತರದ ಬಯಲು, ಚಳಿಗಾಲದಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿಯುವುದು ಮಾಮೂಲು. ಪಶ್ಮೀನಾ ಆಡು, ಕುರಿ, ಯಾಕ್‌ಗಳ ಹಿಂದೆ ಹುಲ್ಲು ಹುಡುಕುತ್ತ ತಿರುಗುವ ಚಾಂಗ್ಪಾಗಳು ಅಲ್ಲಿ ತಲೆತಲಾಂತರದಿಂದ ಮಕ್ಕಳನ್ನು ಸಾಕಿದ್ದಾರೆ. ಯಾಕ್ ಕೂದಲಿನಿಂದ ನೇಯ್ದ ಡೇರೆ, ಅದರ ಹೆಸರು ರೆಬೊ. ಲಡಾಖಿನಲ್ಲಿ ಎಳೆಕೂಸನ್ನು ಒಣಗಿದ ಹಿಕ್ಕೆಯ ಪುಡಿ ಬಿಸಿ ಮಾಡಿ ತುಂಬಿದ ಚೀಲದಲ್ಲಿ ಇಡುವ ರೂಢಿಯಿತ್ತು. ಅದು ತೇವ ಹೀರುತ್ತದೆ, ಕಾವು ಹಿಡಿದಿಡುತ್ತದೆ. ಸೌದೆ ಸಿಗದ ನಾಡಿನಲ್ಲಿ ಆಡಿನ ಹಿಕ್ಕೆಯೇ ಒಲೆಗೆ ಉರುವಲು, ಮಗುವಿಗೆ ಹಾಸಿಗೆ. ಎಸ್ಪೆರಾನ್ಸಾದ ಕಾವೆಲ್ಲ ಹಡಗಿನಲ್ಲಿ ಬರುವ ಎಣ್ಣೆಯದು, ಇಲ್ಲಿಯದು ಬಾಗಿಲಲ್ಲಿ ನಿಂತ ಪ್ರಾಣಿಯದು.

ಇಲ್ಲಿ ಅಜ್ಜಿಯರಿದ್ದಾರೆ, ಮಕ್ಕಳಿಲ್ಲ. ಪೂಗಾದಲ್ಲಿ ಅಲೆಮಾರಿಗಳ ಮಕ್ಕಳಿಗೆಂದೇ ವಸತಿ ಶಾಲೆಯಿದೆ, ಲೇಹ್‌ನಲ್ಲಿ ಹಾಸ್ಟೆಲುಗಳಿವೆ, ಐದಾರು ವರ್ಷ ತುಂಬಿದರೆ ಮಗು ಹೊರಡುತ್ತದೆ. ಮಕ್ಕಳ ಹಿಂದೆ ತಾಯಂದಿರು, ಅವರ ಹಿಂದೆ ಇಡೀ ಸಂಸಾರ. ಚಾಂಗ್‌ಥಾಂಗ್‌ನ ಖರ್ನಾಕ್ ಕಡೆಯ ಬಹುಪಾಲು ಜನ ಹೀಗೆ ಇಳಿದು ಬಂದು ಲೇಹ್ ಹೊರವಲಯದಲ್ಲಿ ಖರ್ನಾಕ್‌ಲಿಂಗ್ ಎಂಬ ಬಡಾವಣೆ ಮಾಡಿಕೊಂಡಿದ್ದಾರೆ. ಮೇಲೆ ಉಳಿದ ಡೇರೆಗಳಲ್ಲಿ ವಯಸ್ಸಾದವರು ಆಡು ಕಾಯುತ್ತಾರೆ. ಚಳಿಗಾಲದ ಕೊನೆಯಲ್ಲಿ ಮರಿ ಹಾಕುವ ಹೊತ್ತಿಗೆ ಹಿಮ ಬಿದ್ದರೆ ಮರಿಗಳನ್ನು ಮಡಿಲಲ್ಲಿ ಬೆಚ್ಚಗಿಡಲು ಎಷ್ಟು ಕೈಗಳಿದ್ದರೂ ಸಾಲದು. ಇರುವುದೋ ಮುದಿ ಕೈಗಳು.

ನೂರಾರು ವರ್ಷಗಳ ಚಳಿಗೆ ಸೋಲದ ಸಂಸಾರವನ್ನು ಶಾಲೆ ಸೋಲಿಸಿತು ಎಂದು ಬರೆಯುವುದು ಸುಲಭ. ಆ ವಾಕ್ಯ ನನಗೆ ಸೇರದು. ಅದನ್ನು ಬರೆಯುವವರ ಮಕ್ಕಳೆಲ್ಲ ಶಾಲೆಗೆ ಹೋಗುತ್ತಾರೆ. ನ್ಯುಮೋನಿಯಾ ಬಂದ ಕೂಸನ್ನು ಎತ್ತಿಕೊಂಡು ವಾಹನಕ್ಕಾಗಿ ಕಾದ ತಾಯಿಗೆ ಸಂಪ್ರದಾಯದ ಸೊಬಗನ್ನು ನೆನಪಿಸುವುದು ಅಸಭ್ಯತೆ. ಆಡು ಕಾಯುವುದೂ ಒಂದು ವಿದ್ಯೆ, ಯಾವ ಇಳಿಜಾರಿನಲ್ಲಿ ಗಾಳಿ ಹಿಮವನ್ನು ಗುಡಿಸಿ ಹುಲ್ಲು ಬಿಟ್ಟಿರುತ್ತದೆ ಎಂದು ಕಲಿಯಲು ಹತ್ತು ವರ್ಷ ಬೇಕು, ಆ ಹತ್ತು ವರ್ಷ ಶಾಲೆಗೂ ಬೇಕು. ಎರಡರಲ್ಲಿ ಒಂದನ್ನು ಆರಿಸುವ ಅಪ್ಪ ತಪ್ಪು ಮಾಡುತ್ತಿಲ್ಲ, ಏನನ್ನೂ ಕಳೆದುಕೊಳ್ಳುತ್ತಿಲ್ಲ ಎಂದೂ ಅಲ್ಲ.

ಒಂದು ಕಡೆ ರಾಜ್ಯ ತನಗೆ ಬೇಕೆಂದು ಮಗುವನ್ನು ಹಿಮಕ್ಕೆ ತಂದಿತು. ಇನ್ನೊಂದು ಕಡೆ ಮಗುವಿಗೆ ಒಳ್ಳೆಯದಾಗಲೆಂದು ಅಪ್ಪ ಅಮ್ಮನೇ ಹಿಮದಿಂದ ಕಳಿಸಿದರು. ಉದ್ದೇಶಗಳು ಇಷ್ಟು ಬೇರೆಯಾದರೂ ಎರಡೂ ಕಡೆ ಮನೆಯಲ್ಲಿ ಒಂದು ತಲೆಮಾರಿನ ಜಾಗ ಖಾಲಿ. ಈ ಖಾಲಿತನಕ್ಕೂ ಥರ್ಮಾಮೀಟರಿಗೂ ಸಂಬಂಧ ಕಡಿಮೆ.

ಚಳಿ ಕೂಡಿಸಿದ್ದೂ ಉಂಟು. ಲಡಾಖಿನ ಶಾಲೆಗಳಿಗೆ ದೊಡ್ಡ ರಜೆ ಬರುವುದು ಅತಿ ಹೆಚ್ಚು ಹೆಪ್ಪುಗಟ್ಟುವ ತಿಂಗಳುಗಳಲ್ಲಿ, ಹಾಸ್ಟೆಲಿನ ಮಕ್ಕಳು ಡೇರೆಗೆ ಮರಳುವುದೂ ಆಗಲೇ. ಲಡಾಖಿನದೇ ಜಂಸ್ಕಾರ್ ಕಣಿವೆಯಲ್ಲಿ ಇದು ಇನ್ನೂ ಸ್ಪಷ್ಟ. ಕಣಿವೆಯ ದಾರಿಗಳೆಲ್ಲ ಮುಚ್ಚಿದಾಗ ನದಿ ಹೆಪ್ಪುಗಟ್ಟಿ ಚಾದರ್ ಎಂಬ ದಾರಿಯಾಗುತ್ತಿತ್ತು. ರಜೆ ಮುಗಿದ ಮಕ್ಕಳನ್ನು ಅಪ್ಪಂದಿರು ಅದರ ಮೇಲೆ ದಿನಗಟ್ಟಲೆ ನಡೆಸಿಕೊಂಡು, ರಾತ್ರಿ ಗುಹೆಗಳಲ್ಲಿ ತಂಗಿ, ಲೇಹ್ ಮುಟ್ಟಿಸುತ್ತಿದ್ದರು. 2024ರಲ್ಲಿ ಜಂಸ್ಕಾರ್ ಮೂಲಕ ಹಾದುಹೋಗುವ ನಿಮ್ಮು–ಪದುಮ್–ದಾರ್ಚಾ ರಸ್ತೆ ಕೂಡಿಕೊಂಡಿತು. ಅಪ್ಪ ಮಗು ಜೊತೆಯಾಗಿ ನಡೆದ ಆ ದಿನಗಳು ಮುಗಿದವೆಂದು ಮರುಗುವವರು ಹೆಚ್ಚಾಗಿ ಹೊರಗಿನವರು. ಕಾಲಡಿಯ ಐಸು ಬಿರುಕು ಬಿಡುವ ಸದ್ದು ಕೇಳುತ್ತ ಏಳು ವರ್ಷದ ಮಗುವಿನ ಕೈ ಹಿಡಿದು ನಡೆದವರು ರಸ್ತೆಯನ್ನೇ ಕೇಳಿದ್ದರು. ಈಗ ಅದು ಬಂದಿದೆ. ಮಕ್ಕಳು ಅದರಲ್ಲಿ ಹೆಚ್ಚು ಸಲ ಮನೆಗೆ ಬರುತ್ತಾರೋ, ಅಜ್ಜಿಯರೂ ಅದೇ ಬಸ್ಸು ಹತ್ತಿ ಲೇಹ್‌ಗೆ ಇಳಿಯುತ್ತಾರೋ ಎಂಬುದನ್ನು ಇನ್ನೊಂದು ತಲೆಮಾರು ಕಾದು ನೋಡಬೇಕು.