ಹಿರಿಯರು ಇಟ್ಟ ಅಡ್ಡಹೆಸರು

ತೊಟ್ಟಿಲಲ್ಲಿ ಇಡುವ ಹೆಸರು ಹರಕೆ. ಬೆಳೆದ ಮೇಲೆ ಮಂದಿ ಇಡುವ ಅಡ್ಡಹೆಸರು ಬಹುಮಟ್ಟಿಗೆ ತೀರ್ಪು. ಒಬ್ಬನಿಗೆ ಅಂಟಿದ ಅಡ್ಡಹೆಸರು ಅವನೊಡನೆಯೇ ಅಳಿಯುವುದು. ಒಂದು ಪೀಳಿಗೆಗೇ ಅಂಟಿತೆಂದರೆ, ಯಾವ ತಪ್ಪನ್ನೂ ಮಾಡದ ಮಕ್ಕಳು ಸಹ ಅದನ್ನು ಹೊರಬೇಕಾಗುವುದು. ತೈವಾನ್ ದ್ವೀಪದ ತರುಣರಿಗೆ ಬಂದ 'ಸ್ಟ್ರಾಬೆರಿ ಬಳಗ'ವೆಂಬ ಹೆಸರು ಇಂಥದು. ಅಲ್ಲಿಯ ಚೀನೀ ನುಡಿಯಲ್ಲಿ ಅದು 'ತ್ಸಾವ್‌ಮೆಯ್ ತ್ಸು'.

ಸ್ಟ್ರಾಬೆರಿಯನ್ನು ಮಹಾಬಳೇಶ್ವರದ ಕಡೆಗೆ ಹೋಗಿಬಂದವರು ಬಲ್ಲರು. ನೋಡಲು ಕೆಂಪು, ಮುಟ್ಟಲು ಅತಿ ಮೆದು. ಬಾಳೆ ಮಾವುಗಳಂತೆ ಕಾಯಿಯಿರುವಾಗಲೇ ಕೊಯ್ದು ಮಾಗಿಸುವಂತಿಲ್ಲ. ಗಿಡದಲ್ಲಿಯೇ ಹಣ್ಣಾಗಬೇಕು, ಹಣ್ಣಾದೊಡನೆ ಬೆರಳೊತ್ತಿದರೂ ನಜ್ಜುಗುಜ್ಜಾಗುವುದು. ಈ ಹೆಸರಿನ ಮೂಲವನ್ನು ಸಾಮಾನ್ಯವಾಗಿ 1993ರಲ್ಲಿ ವೆಂಗ್ ಚಿಂಗ್-ಯು ಎಂಬ ಲೇಖಕಿ ಕಚೇರಿಯ ಬದುಕನ್ನು ಕುರಿತು ಬರೆದ ಪುಸ್ತಕದಲ್ಲಿ ಕಾಣುತ್ತಾರೆ. ತರುವಾಯ 1981ರಿಂದೀಚೆಗೆ ಹುಟ್ಟಿದವರೆಲ್ಲರಿಗೂ ಅದು ಹರಡಿತು. ಹೊರಗೆ ಚೆಲುವು, ಒಳಗೆ ಕಸುವಿಲ್ಲ. ಮೇಲಧಿಕಾರಿ ಗದರಿಸಿದರೆ ಕೆಲಸವನ್ನೇ ಬಿಟ್ಟು ನಡೆಯುವರು ಎಂಬುದು ಅದರ ಅರ್ಥ.

ಹಾಗೆಂದವರ ಮಾತಿಗೆ ಆಧಾರವೇ ಇರಲಿಲ್ಲವೆನ್ನಲಾಗದು. 1949ರಿಂದ 1987ರವರೆಗೆ, ಮೂವತ್ತೆಂಟು ವರ್ಷ, ಸೇನಾಶಾಸನದಡಿಯಲ್ಲಿ ಬಾಳಿ, ಕಾರ್ಖಾನೆಗಳಲ್ಲಿ ಮೈಮುರಿದು ದುಡಿದು, ಆ ದ್ವೀಪವನ್ನು ಸಿರಿವಂತವಾಗಿ ಮಾಡಿದವರು ಅವರು. ಆದರೆ ಈ ಹೋಲಿಕೆಯಲ್ಲಿ ಅವರೇ ಮರೆತ ಇನ್ನೊಂದು ಅರ್ಥವಿದೆ. ಸ್ಟ್ರಾಬೆರಿ ತಾನಾಗಿ ಮೆತ್ತಗಾಗುವುದಿಲ್ಲ. ಮಳೆ ತಾಗದಂತೆ ಮಾಡು ಕಟ್ಟಿ, ಮಣ್ಣು ಸೋಂಕದಂತೆ ಹಾಸು ಹಾಸಿ, ಒಂದೊಂದನ್ನೂ ಕೈಯಾರೆ ಕಾಯುವ ತೋಟಗಾರನೊಬ್ಬನಿರುವನು. ಮಗನನ್ನು ಬಿಸಿಲಿಗೆ ಬಿಡದೆ ಸಾಕಿ, ಆಮೇಲೆ ಬಿಸಿಲಿಗೆ ಬಾಡಿದನೆಂದು ಹಳಿಯುವ ತಂದೆ ನಿಜವಾಗಿ ಹಳಿಯುವುದು ಯಾರನ್ನು? ಆ ಮಾತು ತೈವಾನಿನ ಮನೆಗಳಿಗೆ ಮಾತ್ರ ಸಲ್ಲುವುದೇ?

ಬಿಸಿಲೂ ಕಡಿಮೆಯದಾಗಿರಲಿಲ್ಲ. 2009ರಲ್ಲಿ ಅಲ್ಲಿಯ ಸರಕಾರವು ಪದವೀಧರರನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ಸಂಸ್ಥೆಗಳಿಗೆ ತಿಂಗಳಿಗೆ 22,000 ತೈವಾನ್ ಡಾಲರಿನಂತೆ ಸಹಾಯಧನ ಕೊಟ್ಟಿತು. ಆಸರೆಗೆಂದು ಗೊತ್ತುಮಾಡಿದ ಆ ಮೊತ್ತವೇ ಅಲ್ಪ ಸಂಬಳದ ಕುರುಹಾಗಿ ತರುಣರ ಬಾಯಲ್ಲಿ ನಿಂತಿತು. ದುಡಿಮೆಗೆ ತಕ್ಕ ಫಲವಿಲ್ಲದೆಡೆಯಲ್ಲಿ ಕೆಲಸ ಬಿಟ್ಟವನನ್ನು ಸೋಮಾರಿಯೆನ್ನುವುದು ಕಾಯಕದ ಮರ್ಮವನ್ನರಿತವರ ಮಾತಾಗದು.

ಕಲ್ಯಾಣದ ಹಿರಿಯರೂ ಕಿರಿಯನೊಬ್ಬನಿಗೆ ಹೆಸರಿಟ್ಟರು. ಎಳೆಯ ಪ್ರಾಯದ ಚನ್ನಬಸವಣ್ಣನವರಿಗೆ ಶರಣಪರಂಪರೆ ಕೊಟ್ಟ ಹೆಸರು 'ಅವಿರಳಜ್ಞಾನಿ'. ವಯಸ್ಸನ್ನು ನೋಡದೆ ಅರಿವನ್ನು ನೋಡಿ ಇಟ್ಟ ಹೆಸರದು. ಅಲ್ಲಿ ಹಿರಿತನವು ಕುಂದಲಿಲ್ಲ.

ತೈವಾನಿನ ತರುಣರಿಗೆ ಅಂಥ ಹೆಸರನ್ನು ಯಾರೂ ಕೊಡಲಿಲ್ಲ, ಅವರೇ ಮಾಡಿಕೊಂಡರು. 2008ರ ನವೆಂಬರಿನಲ್ಲಿ ಚೀನದ ಪ್ರತಿನಿಧಿಯೊಬ್ಬರು ದ್ವೀಪಕ್ಕೆ ಬಂದಾಗ ಪೊಲೀಸರು ಪ್ರತಿಭಟನಕಾರರೊಡನೆ ನಡೆದುಕೊಂಡ ರೀತಿಯನ್ನು ಖಂಡಿಸಿ ವಿದ್ಯಾರ್ಥಿಗಳು ತೈಪೆಯಲ್ಲಿ ಧರಣಿ ಕುಳಿತರು. ಸಭೆ ಸೇರಲು ಮುಂಚೆಯೇ ಅಪ್ಪಣೆ ಬೇಕೆಂಬ ಕಾನೂನು ಬದಲಾಗಲೆಂಬುದು ಅವರ ಬೇಡಿಕೆಗಳಲ್ಲೊಂದು. 1990ರ ವಿದ್ಯಾರ್ಥಿಗಳ ಚಳವಳಿಗೆ 'ಕಾಡುನೈದಿಲೆ'ಯೆಂದೋ 'ಕಾಡುಲಿಲಿ'ಯೆಂದೋ ಕನ್ನಡಿಸಬಹುದಾದ ಹೆಸರಿತ್ತು. ಅದನ್ನು ನೆನೆದು ಇವರು ತಮ್ಮನ್ನು 'ಕಾಡುಸ್ಟ್ರಾಬೆರಿ' ಎಂದು ಕರೆದುಕೊಂಡರು. ತೋಟಗಾರನ ಆರೈಕೆಯಿಲ್ಲದೆ ಮಳೆಗಾಳಿಗೆ ಬೆಳೆಯುವ ಹಣ್ಣು ಅದು. ಬೈಗುಳವನ್ನು ಅಳಿಸಲಿಲ್ಲ, ಅದರ ಮುಂದೆ 'ಕಾಡು' ಎಂಬ ಒಂದೇ ಮಾತನ್ನು ಇಟ್ಟರು.

ಆಗ ಕಾನೂನು ಬದಲಾಗಲಿಲ್ಲ. 2014ರ ಮಾರ್ಚ್ 18ರಂದು ವಿದ್ಯಾರ್ಥಿಗಳು ಶಾಸನಸಭೆಯನ್ನೇ ಹೊಕ್ಕು ಕುಳಿತರು. ಅವರ ಮುಂದಾಳುಗಳಲ್ಲೊಬ್ಬರಾದ ಲಿನ್ ಫೇಯ್-ಫಾನ್ 2008ರ ಚಳವಳಿಯಲ್ಲಿಯೂ ಇದ್ದವರು. ಮೂರು ದಿನಗಳ ತರುವಾಯ, ಅದೇ ಮಾರ್ಚ್ 21ರಂದು, ತುರ್ತಾಗಿಯೋ ತಾನಾಗಿಯೋ ಸೇರುವ ಸಭೆಗಳಿಗೂ ಅಪ್ಪಣೆ ಬೇಕೆಂಬ ಕಟ್ಟಳೆಯು ಸಂವಿಧಾನಕ್ಕೆ ವಿರುದ್ಧವೆಂದು ಅಲ್ಲಿಯ ಉಚ್ಚ ನ್ಯಾಯಪೀಠವು ಸಾರಿತು.