ಹಕ್ಕಿಯ ಸ್ವಭಾವ ಇರುವುದೆಲ್ಲಿ?

ಗಿರಿಜಾ: ಮೇಷ್ಟ್ರೇ, ಜೀವಿಯ ಸ್ವಭಾವ ಅದರ ಮೈಯಲ್ಲೇ ಇರುತ್ತದಲ್ಲವೇ? ಸೀಶೆಲ್ಸ್ ಉಲಿಯಕ್ಕಿಯನ್ನೇ ನೋಡಿ. ಎಲೆಗಳ ಅಡಿಯಿಂದ ಹುಳು ಹೆಕ್ಕಿ ಬದುಕುವ ಪುಟ್ಟ ಹಕ್ಕಿ ಅದು. 1968ರಲ್ಲಿ ಕಸಿನ್ ಎಂಬ ಒಂದೇ ದ್ವೀಪದಲ್ಲಿ 30ಕ್ಕೂ ಕಡಿಮೆ ಉಳಿದಿದ್ದವು. ಅವನ್ನು ಪಂಜರದಲ್ಲಿ ಸಾಕಿ ಸಂತತಿ ಬೆಳೆಸಿದ್ದರೂ ಹಕ್ಕಿ ಉಳಿಯುತ್ತಿತ್ತು.

ಮೇಷ್ಟ್ರು: ಸಂತತಿ ಉಳಿಯುತ್ತಿತ್ತೇನೋ, ಸ್ವಭಾವವೂ ಉಳಿಯುತ್ತಿತ್ತೆಂದು ನಾನು ಹೇಳಲಾರೆ. ಅಲ್ಲಿ ನಡೆದದ್ದು ಬೇರೆ. ಪಕ್ಷಿ ಸಂರಕ್ಷಣೆಯ ಅಂತರರಾಷ್ಟ್ರೀಯ ಮಂಡಳಿ ಅದೇ ವರ್ಷ ಇಡೀ ದ್ವೀಪವನ್ನೇ ಕೊಂಡಿತು. ತೆಂಗಿನ ತೋಟವಿದ್ದಲ್ಲಿ ಪಿಸೋನಿಯಾ ಮರಗಳ ಕಾಡು ಮತ್ತೆ ಬೆಳೆಯಿತು; 1980ರ ದಶಕದ ಹೊತ್ತಿಗೆ ಹಕ್ಕಿಗಳು 300 ದಾಟಿದವು. ಖಾಲಿ ಜಾಗ ಮುಗಿದಾಗ ಬೆಳೆದ ಮರಿಗಳು, ಅದರಲ್ಲೂ ಹೆಣ್ಣುಗಳು, ಹೆತ್ತವರ ಸರಹದ್ದಿನಲ್ಲೇ ನಿಂತು ಮುಂದಿನ ಮರಿಗಳನ್ನು ಸಾಕಲು ನೆರವಾದವು. ಕಂಡವರು ಕೂಡುಕುಟುಂಬವೇ ಈ ಹಕ್ಕಿಯ ಗುಣ ಎಂದಾರು. ಆದರೆ 1988ರಲ್ಲಿ 29 ಹಕ್ಕಿಗಳನ್ನು ಆರೀಡ್ ದ್ವೀಪಕ್ಕೆ ಒಯ್ದು ಬಿಟ್ಟಾಗ, ಅಲ್ಲಿ ಹುಟ್ಟಿದವು ಹೆತ್ತವರನ್ನು ಬಿಟ್ಟು ಹೋಗಿ ಸ್ವಂತ ಗೂಡು ಕಟ್ಟಿದವು. ರಕ್ತ ಅದೇ, ನಡತೆ ಬೇರೆ. ಆ ಗುಣವನ್ನು ಮೈಯೊಳಗೆ ಮಾತ್ರ ಹುಡುಕಿದರೆ ಸಿಗುವುದಿಲ್ಲ.

ಗಿರಿಜಾ: ಹಾಗಾದರೆ ಹಕ್ಕಿಗೆ ತನ್ನದೆಂಬುದೇ ಇಲ್ಲವೆಂದಾಯಿತು. ಅದೇ ಕಾಡಿನ ಬೇರೆ ಹಕ್ಕಿಗಳೆಲ್ಲ ಹೀಗೆ ಮಾಡುವುದಿಲ್ಲವಲ್ಲ?

ಮೇಷ್ಟ್ರು: ನಿನ್ನ ಆಕ್ಷೇಪ ಗಟ್ಟಿಯಾದದ್ದೇ. ಹಕ್ಕಿಗೆ ತನ್ನದೆಂಬುದು ಇದೆ. ಅದೇನೆಂಬುದಕ್ಕೆ ವಿಜ್ಞಾನಿ ಯಾನ್ ಕೊಮ್ಡೂರ್ ಮತ್ತು ಸಂಗಡಿಗರು 1997ರಲ್ಲಿ ಪುರಾವೆ ಕೊಟ್ಟರು. ಹುಳು ವಿರಳವಾದ ಸರಹದ್ದಿನಲ್ಲಿ ಮರಿಗಳ ಪೈಕಿ ಶೇ. 77 ಗಂಡು, ಹೇರಳವಾದಲ್ಲಿ ಶೇ. 13 ಮಾತ್ರ. ನೆರವಿಗೆ ನಿಲ್ಲುವುದು ಹೆಚ್ಚಾಗಿ ಹೆಣ್ಣು. ಆಹಾರ ಸಾಲದ ಕಡೆ ಅದೇ ಹೊರೆಯಾಗುತ್ತದೆ. ಬಡ ಸರಹದ್ದಿನ ಜೋಡಿಗಳನ್ನು ಸಮೃದ್ಧ ಸರಹದ್ದಿಗೆ ಸಾಗಿಸಿದಾಗ, ಮೊದಲು ಗಂಡು ಹಡೆಯುತ್ತಿದ್ದವೇ ಹೆಚ್ಚಾಗಿ ಹೆಣ್ಣು ಹಡೆದವು. ಜಾಗವನ್ನು ಅಳೆದು ತಕ್ಕಂತೆ ನಡೆಯುವ ಶಕ್ತಿ ಮೈಯದು, ಒಪ್ಪಿದೆ. ಆದರೆ ಅಳೆಯಲು ಒಳ್ಳೆಯದು ಕೆಟ್ಟದ್ದು ಎರಡೂ ಇರುವ ಕಾಡು ಬೇಕು. ದಿನವೂ ಅಳತೆಯ ಆಹಾರ ಬೀಳುವ ಪಂಜರದಲ್ಲಿ ಆ ಶಕ್ತಿಗೆ ಮಾಡುವ ಕೆಲಸವೇ ಇರದು.

ಗಿರಿಜಾ: ಆರೀಡ್‌ಗೆ ಒಯ್ದದ್ದೂ ಮನುಷ್ಯರ ಕೈವಾಡವೇ ಅಲ್ಲವೇ?

ಮೇಷ್ಟ್ರು: ಹೌದು, ತೆಂಗು ನೆಟ್ಟು ಕಾಡು ಕಳೆದದ್ದೂ ಮನುಷ್ಯರೇ. ವ್ಯತ್ಯಾಸವಿರುವುದು ಕೈ ಎಲ್ಲಿ ನಿಂತಿತು ಎಂಬುದರಲ್ಲಿ. ಹಕ್ಕಿಯನ್ನು ಕಾಡಿಗೆ ಮುಟ್ಟಿಸಿ ಅವರು ಹಿಂದೆ ಸರಿದರು. ಮುಂದೆ ಆರೀಡ್‌ನ ಒಳ್ಳೆಯ ಸರಹದ್ದುಗಳೆಲ್ಲ ತುಂಬತೊಡಗಿದಾಗ, ಯಾರೂ ಹೇಳಿಕೊಡದೆ ಅಲ್ಲಿನ ಮರಿಗಳೂ ಹಿರಿಯರ ಬಳಿ ನಿಂತು ನೆರವಾಗತೊಡಗಿದವು.