ಮಗು ಸೊತ್ತಲ್ಲ, ಅಮಾನತ್ತು

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸು ಮಸ್ಕಿಯನ್ನು ಹಾದುಹೋಗುತ್ತದೆ. ಈ ಮೂರು ಊರುಗಳಲ್ಲಿ ಹಂಚಿಹೋದ ಒಂದು ಕುಟುಂಬವನ್ನು ಊಹಿಸಿಕೊಳ್ಳಿರಿ. ತಂದೆ ಸಿಂಧನೂರಿನವನು, ತಾಯಿಯ ತವರು ಮಸ್ಕಿ. ತಲಾಕ್ ಆಗಿ ಮೂರು ವರ್ಷಗಳಾಗಿವೆ. ಐದು ವರ್ಷದ ಮಗ ತಾಯಿಯ ಬಳಿ ಇದ್ದಾನೆ. ತಂದೆ ಖರ್ಚು ಕಳಿಸಿದ್ದಿಲ್ಲ, ಈದ್‌ಗೂ ಬಂದು ಮುಖ ನೋಡಿದ್ದಿಲ್ಲ. ಈಗ ಲಿಂಗಸುಗೂರಿನ ಸಜ್ಜನನೊಬ್ಬ ಆಕೆಯನ್ನು ನಿಕಾಹ್ ಆಗಲು ಮುಂದೆ ಬಂದಿದ್ದಾನೆ. ಕೂಡಲೇ ಸಿಂಧನೂರಿನಿಂದ ಮಾತು ಬರುತ್ತದೆ: "ನೀನು ಮದುವೆಯಾದರೆ ಮಗ ನನ್ನವನು. ಶರೀಅತ್ತೇ ಹಾಗೆ ಹೇಳಿದೆ." ಹೀಗೆನ್ನುವವನು ಮಾತ್ರ ಎರಡು ವರ್ಷಗಳ ಹಿಂದೆಯೇ ಮರುಮದುವೆಯಾಗಿದ್ದಾನೆ.

ಪ್ರಿಯ ಓದುಗರೇ, ಇಂತಹ ಮಾತನ್ನು ಕೇಳಿ ಎಷ್ಟೋ ತಾಯಂದಿರು ಬಂದ ಸಂಬಂಧವನ್ನು ಹಿಂದಕ್ಕೆ ಕಳಿಸುತ್ತಾರೆ. ಒಂಟಿಯರಿಗೆ ವಿವಾಹ ಮಾಡಿಸಿರೆಂದು ಕುರ್‌ಆನ್ ಸಮಾಜಕ್ಕೆ ಆಜ್ಞಾಪಿಸಿದೆ (ಅನ್ನೂರ್: 32). ಅದೇ ಧರ್ಮದ ಹೆಸರಿನಲ್ಲಿ ಒಬ್ಬ ತಾಯಿಯನ್ನು ಬಾಳಿಡೀ ಒಂಟಿಯಾಗಿರಿಸುವುದು ನ್ಯಾಯವೇ? ಇದನ್ನು ಅಲ್ಲಾಹನನ್ನು ಭಯಪಟ್ಟು ಯೋಚಿಸಬೇಕಾಗಿದೆ.

ಶರೀಅತ್ ಹೇಳಿದ್ದೇನು?

ವಿಧಿ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಅಬೂದಾವೂದ್‌ನ ಹದೀಸ್‌ನಲ್ಲಿ ಹೀಗಿದೆ: ಒಬ್ಬ ಮಹಿಳೆ ಪ್ರವಾದಿವರ್ಯರ(ಸ) ಬಳಿ ಬಂದು, ತಾನು ಹೊತ್ತು ಹಾಲೂಡಿಸಿದ ಮಗನನ್ನು ತಲಾಕ್ ನೀಡಿದ ಪತಿ ಕಸಿಯಲು ಹೊರಟಿದ್ದಾನೆಂದು ದೂರಿದಳು. ಆಕೆ ಮರುಮದುವೆಯಾಗದಿರುವ ತನಕ ಮಗನ ಮೇಲೆ ಆಕೆಗೇ ಹೆಚ್ಚು ಹಕ್ಕಿದೆಯೆಂದು ಅವರು(ಸ) ತೀರ್ಪಿತ್ತರು. ಹನಫೀ ಫಿಕ್‌ಹ್‌ನಲ್ಲಿ ಗಂಡು ಮಗು ಏಳು ವರ್ಷದವರೆಗೆ, ಹೆಣ್ಣು ಮಗು ಪ್ರೌಢಳಾಗುವವರೆಗೆ ತಾಯಿಯ ಪಾಲನೆಯಲ್ಲಿರಬೇಕು. ಮಗುವಿಗೆ ಮಹ್ರಮ್ ಅಲ್ಲದ ಪುರುಷನನ್ನು ತಾಯಿ ವಿವಾಹವಾದರೆ ಆಕೆಯ ಆದ್ಯತೆ ತಪ್ಪುತ್ತದೆ.

ಆದರೆ ಆದ್ಯತೆ ತಪ್ಪಿದ ಕೂಡಲೇ ಮಗು ತಂದೆಯ ಮನೆಗೆ ಹೋಗುತ್ತದೆಂದು ಭಾವಿಸುವುದು ತಪ್ಪು. ಹಕ್ಕು ಮೊದಲು ಬರುವುದು ತಾಯಿಯ ತಾಯಿಗೆ, ಅಂದರೆ ನಾನಿಗೆ. ಮುವತ್ತಾದ ವರದಿಯಂತೆ, ಹ. ಉಮರ್(ರ) ತಾವು ಬೇರ್ಪಟ್ಟಿದ್ದ ಪತ್ನಿಯ ಮಗ ಆಸಿಮ್ ಕುಬಾ ಮಸೀದಿಯ ಅಂಗಳದಲ್ಲಿ ಆಡುತ್ತಿರುವುದನ್ನು ಕಂಡು, ಎತ್ತಿ ತಮ್ಮ ವಾಹನದ ಮೇಲೆ ಕುಳ್ಳಿರಿಸಿಕೊಂಡರು. ಹುಡುಗನ ಅಜ್ಜಿ ಬಂದು ತಡೆದರು. ವಿವಾದ ಖಲೀಫಾ ಅಬೂಬಕರ್‌ರ(ರ) ಮುಂದೆ ಬಂದಾಗ ಅವರು ಅಜ್ಜಿಯ ಪರ ತೀರ್ಪಿತ್ತರು. ಉಮರ್‌ರಂತಹ(ರ) ಉಮರ್(ರ) ಮರುಮಾತಾಡಲಿಲ್ಲ! ಇಂದಿನ ತಂದೆಯಂದಿರು ಇಷ್ಟು ವಿನಯ ತೋರುವರೇ?

ವಿಧಿಯ ಹಿಂದಿನ ಕಾಳಜಿ

ಈ ವಿಧಿ ತಾಯಿಗೆ ಶಿಕ್ಷೆಯಲ್ಲ, ಮಗುವಿಗೆ ರಕ್ಷೆ. ಹೊಸ ಮನೆಯಲ್ಲಿ ಮಗು ಹೊರೆಯಾಗಬಾರದು, ಪರಕೀಯವಾಗಬಾರದು ಎಂಬುದೇ ಅದರ ಕಾಳಜಿ. ಹಿಜರಿ 7ರಲ್ಲಿ ಹುತಾತ್ಮ ಹಂಝಾರ(ರ) ಅನಾಥ ಮಗಳಿಗಾಗಿ ಅಲೀ, ಜಅ್‌ಫರ್ ಮತ್ತು ಝೈದ್(ರ) ಪೈಪೋಟಿ ನಡೆಸಿದರು. ಪ್ರವಾದಿವರ್ಯರು(ಸ) ಆಕೆಯನ್ನು ಜಅ್‌ಫರ್‌ರ(ರ) ಮನೆಗೆ ಒಪ್ಪಿಸಿದರು. ಏಕೆಂದರೆ ಅವರ ಪತ್ನಿ ಆ ಹುಡುಗಿಯ ಖಾಲಾ ಆಗಿದ್ದರು, ಖಾಲಾ ತಾಯಿಗೆ ಸಮಾನಳು. ಖಾಲಾ ವಿವಾಹಿತೆಯಾಗಿದ್ದರು, ಅವರ ಪತಿ ಹುಡುಗಿಗೆ ದೊಡ್ಡಪ್ಪನ ಮಗನೇ ಹೊರತು ಮಹ್ರಮ್ ಆಗಿರಲಿಲ್ಲ. ಮಗುವಿಗೆ ಎಲ್ಲಿ ಮಮತೆ ಸಿಗುವುದೋ ಅಲ್ಲಿಗೆ ತೀರ್ಪು ಹೋಯಿತು.

ಹಿಜರಿ 4ರಲ್ಲಿ ಉಮ್ಮು ಸಲಮಾ(ರ) ಅನಾಥ ಮಕ್ಕಳೊಂದಿಗೇ ಪ್ರವಾದಿವರ್ಯರ(ಸ) ಪತ್ನಿಯಾದರು. ತಟ್ಟೆಯ ತುಂಬ ಕೈಯಾಡಿಸುತ್ತಿದ್ದ ಅವರ ಪುಟ್ಟ ಮಗನಿಗೆ ಬಿಸ್ಮಿಲ್ಲಾಹ್ ಹೇಳಿ, ಬಲಗೈಯಿಂದ, ತನ್ನ ಮುಂದಿರುವುದನ್ನು ತಿನ್ನಲು ಕಲಿಸಿದವರು ಸ್ವತಃ ಮಲತಂದೆಯಾಗಿದ್ದ ಪ್ರವಾದಿವರ್ಯರು(ಸ). ಮಲತಂದೆಯೆಂದರೆ ಮಗುವಿಗೆ ಅಪಾಯವೆಂದೇ ತಿಳಿಯುವವರು ಈ ಊಟದ ತಟ್ಟೆಯನ್ನು ನೆನೆಯಲಿ.

ತಂದೆಯ ಮರುಮದುವೆ

ತಾಯಿಯ ಮರುಮದುವೆಯ ಬಗ್ಗೆ ಕೇಳುವ ಪ್ರಶ್ನೆಯನ್ನು ತಂದೆಯ ಬಗ್ಗೆಯೂ ಕೇಳಬೇಡವೇ? ಸಿಂಧನೂರಿಗೆ ಹೋದ ಮಗುವಿಗೆ ಬೆಳಿಗ್ಗೆ ತಲೆ ಬಾಚುವವರು, ಜ್ವರ ಬಂದ ರಾತ್ರಿ ಎದ್ದಿರುವವರು ಯಾರು? ತಂದೆಯಂತೂ ದುಡಿಯಲು ಹೊರಗೆ ಹೋಗುವನು. ಮಗಳನ್ನು ಆಕೆಯ ಹಿತ ನೋಡದ, ಕಿರುಕುಳ ಕೊಡುವ ಸವತಿಯ ಕೈಗೆ ತಂದೆ ಬಿಡುವುದಾದರೆ, ಹಿತ ನೋಡುವ ತಾಯಿಗೇ ಪಾಲನೆಯ ಹಕ್ಕು ಎಂದು ಇಮಾಮ್ ಇಬ್ನು ತೈಮಿಯ್ಯಾ ಹೇಳಿರುವರು.

ನಮ್ಮ ದೇಶದ ಕಾನೂನಿನ ಕಾಳಜಿಯೂ ಇದೇ. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯ ಅಡಿಯಲ್ಲಿ ನ್ಯಾಯಾಲಯ ಮಗುವಿನ ವೈಯಕ್ತಿಕ ಕಾನೂನನ್ನೂ ಅದರ ಹಿತವನ್ನೂ ನೋಡುತ್ತದೆ. ಕರ್ನಾಟಕದ ಮುಸ್ಲಿಂ ಕುಟುಂಬವೊಂದರ ವಿವಾದ 2010ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ತಾಯಿ ತೀರಿಹೋಗಿದ್ದರು, ತಂದೆ ಮರುಮದುವೆಯಾಗಿದ್ದರು. ತಂದೆ ಸಹಜ ಪೋಷಕನೆಂಬುದನ್ನು ನ್ಯಾಯಾಲಯ ಅಲ್ಲಗಳೆಯಲಿಲ್ಲ. ಆದರೂ ಮಗುವಿನ ಹಿತವೇ ಮುಖ್ಯವೆಂದು ಹೇಳಿ, ಪೋಷಕತ್ವದ ಅರ್ಜಿ ಇತ್ಯರ್ಥವಾಗುವ ತನಕ ಮಕ್ಕಳನ್ನು ತಾಯಿಯ ಬಂಧುಗಳ ಬಳಿಯೇ ಇರಿಸಿತು.

ನಾವು ಮಾಡಬೇಕಾದುದು

ಮಗುವಿನ ನೆಪದಲ್ಲಿ ತಾಯಿಗಾಗಲಿ ತಂದೆಗಾಗಲಿ ಹಾನಿಯಾಗಬಾರದೆಂದು ಕುರ್‌ಆನ್ ಎಚ್ಚರಿಸಿದೆ (ಅಲ್‌ಬಕರಃ: 233). ಈ ಎಚ್ಚರಿಕೆ ಇಬ್ಬರಿಗೂ ಇದೆ. ತಂದೆಯೇ, ಮಗು ಎಲ್ಲಿದ್ದರೂ ಅದರ ಖರ್ಚು ನಿಮ್ಮದು. ಅದನ್ನು ಕೊಡದೆ ಹಕ್ಕಿನ ಮಾತಾಡಬೇಡಿರಿ. ತಾಯಿಯೇ, ಹಳೆಯ ಸಿಟ್ಟಿನಿಂದ ಮಗುವನ್ನು ತಂದೆಯಿಂದ ಬಚ್ಚಿಡಬೇಡಿರಿ, ಅದರ ಮುಂದೆ ಅವನನ್ನು ಹಳಿಯಬೇಡಿರಿ. ಆಕೆಯನ್ನು ವರಿಸುವವರೇ, ಮಗುವಿಗೆ ನಿಮ್ಮ ಮನೆಯಲ್ಲಿ ಸ್ಥಾನವಿದೆಯೇ ಎಂಬುದನ್ನು ನಿಕಾಹ್‌ಗೆ ಮೊದಲೇ ಸ್ಪಷ್ಟವಾಗಿ ಹೇಳಿರಿ. ಜಮಾಅತಿನ ಹಿರಿಯರೇ, ಎರಡೂ ಕಡೆಯವರನ್ನು ಕೂರಿಸಿ, ಮಗು ಎಲ್ಲಿರಬೇಕು, ಯಾವಾಗ ಯಾರನ್ನು ಕಾಣಬೇಕು, ಖರ್ಚು ಎಷ್ಟು ಎಂಬುದನ್ನು ಬರೆಸಿರಿ. ಮಗುವಿನ ಮನಸ್ಸಿನಲ್ಲೇನಿದೆ ಎಂದು ಮೆಲ್ಲಗೆ ಕೇಳಿರಿ.

ಆ ಐದು ವರ್ಷದ ಹುಡುಗನ ಪ್ರಶ್ನೆಗೆ ಉತ್ತರ ಸಿಂಧನೂರಿನಲ್ಲಿರಬಹುದು, ಲಿಂಗಸುಗೂರಿನಲ್ಲಿರಬಹುದು, ನಡುವಿನ ಮಸ್ಕಿಯ ನಾನಿಯ ಮಡಿಲಿನಲ್ಲೂ ಇರಬಹುದು. ಯಾರು ಗೆದ್ದರೆಂದು ನಾಳೆ ಅಲ್ಲಾಹನು ಕೇಳಲಾರನು. ತಾನು ಒಪ್ಪಿಸಿದ ಅಮಾನತ್ತನ್ನು ಹೇಗೆ ಕಾಪಾಡಿದಿರೆಂದು ಕೇಳುವನು. ಆ ದಿನ ಉತ್ತರಿಸಬಲ್ಲವರಲ್ಲಿ ಅವನು ನಮ್ಮನ್ನು ಸೇರಿಸಲಿ. ಆಮೀನ್.